ಕಣ್ಣಿನೊಳಗೆ ಸೂಜಿ: ಮೋಸುಲ್‌ನ ಕಹ್ಹಾಲರಿಂದ ತುಂಗಭದ್ರೆಯ ದಂಡೆಯವರೆಗೆ

ಹಿಜರಿ ಒಂದನೆಯ ಶತಮಾನದ ಮಾತು. ಪ್ರವಾದಿಯವರ(ಸ) ಚಿಕ್ಕಪ್ಪನ ಮಗನೂ ಕುರ್‌ಆನ್ ವ್ಯಾಖ್ಯಾನದಲ್ಲಿ ಅಗ್ರಗಣ್ಯರೂ ಆಗಿದ್ದ ಅಬ್ದುಲ್ಲಾ ಇಬ್ನ್ ಅಬ್ಬಾಸ್(ರ)ರ ಕಣ್ಣುಗಳಿಗೆ ‘ನೀರಿಳಿಯಿತು’. ಅರಬರು ಕಣ್ಣಿನ ಪೊರೆಯನ್ನು ಕರೆಯುತ್ತಿದ್ದುದೇ ಹಾಗೆ. ಮೇಲಿನಿಂದ ನೀರು ಇಳಿದು ಕಣ್ಣಿನ ಕಿಟಕಿಯನ್ನು ಮುಚ್ಚುತ್ತದೆ ಎಂಬುದು ಅವರ ಕಲ್ಪನೆ. ವಾಸಿ ಮಾಡಬಲ್ಲೆನೆಂದು ಒಬ್ಬ ವೈದ್ಯನು ಮುಂದೆ ಬಂದನು. ಆದರೆ ಅವನದೊಂದು ಷರತ್ತು ಇತ್ತು: ಚಿಕಿತ್ಸೆಯ ನಂತರ ಕೆಲವು ದಿನಗಳ ಕಾಲ ಅಂಗಾತ ಮಲಗಿಯೇ ಇರಬೇಕು, ರುಕೂಅ್ ಮತ್ತು ಸುಜೂದ್ ಮಾಡುವಂತಿಲ್ಲ. ಇಬ್ನ್ ಅಬ್ಬಾಸ್(ರ)ರು ಆಯಿಶಾ(ರ), ಅಬೂ ಹುರೈರಾ(ರ) ಮುಂತಾದವರಲ್ಲಿ ವಿಚಾರಿಸಿದರೆಂದೂ, ಆ ದಿನಗಳಲ್ಲೇ ಮರಣ ಬಂದರೆ ನಮಾಝಿನ ಗತಿಯೇನು ಎಂಬ ಪ್ರಶ್ನೆ ಎದುರಾದಾಗ ಚಿಕಿತ್ಸೆಯನ್ನೇ ಬಿಟ್ಟರೆಂದೂ ಕರ್ಮಶಾಸ್ತ್ರ ಗ್ರಂಥಗಳು ದಾಖಲಿಸುತ್ತವೆ. ಹಿಜರಿ 68ರಲ್ಲಿ ತಾಇಫ್‌ನಲ್ಲಿ ಮರಣ ಹೊಂದುವಾಗ ಅವರಿಗೆ ದೃಷ್ಟಿಯಿರಲಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಅದೊಂದು ಧರ್ಮನಿಷ್ಠೆಯ ಉದಾಹರಣೆಯಾಗಿ ಮಾತ್ರ ಉಳಿಯುತ್ತಿತ್ತು. ಆದರೆ ಮುಂದಿನ ತಲೆಮಾರುಗಳ ಇಮಾಮರು ಈ ಪ್ರಕರಣವನ್ನು ಮುಂದಿಟ್ಟುಕೊಂಡು ಗಂಭೀರವಾಗಿ ಚರ್ಚಿಸಿದರು. ಇಮಾಮ್ ಮಾಲಿಕ್ ಮತ್ತು ಔಝಾಈ ಅವರು ಕಣ್ಣಿನ ಚಿಕಿತ್ಸೆಗಾಗಿ ಮಲಗಿ ನಮಾಝ್ ಮಾಡುವುದನ್ನು ಒಪ್ಪಲಿಲ್ಲ. ಇಮಾಮ್ ಅಬೂ ಹನೀಫಾ, ಸುಫ್ಯಾನ್ ಸೌರಿ ಮತ್ತು ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರು ನಂಬಲರ್ಹ ವೈದ್ಯರ ಮಾತಿದ್ದರೆ ಅದಕ್ಕೆ ಅನುಮತಿ ಇದೆಯೆಂದರು. ಕಣ್ಣನ್ನು ಉಳಿಸಿಕೊಳ್ಳುವ ಅಗತ್ಯವು ಆರಾಧನೆಯ ರೂಪದಲ್ಲಿ ರಿಯಾಯಿತಿ ಪಡೆಯುವಷ್ಟು ದೊಡ್ಡದು ಎಂಬ ಈ ಎರಡನೆಯ ನಿಲುವೇ ಮುಸ್ಲಿಮ್ ಜಗತ್ತಿನ ಬಹುಭಾಗದಲ್ಲಿ ನೆಲೆಯೂರಿತು. ನಂತರದ ಶತಮಾನಗಳಲ್ಲಿ ಕಣ್ಣಿನ ವೈದ್ಯರ ಒಂದು ಪರಂಪರೆಯೇ ಈ ಜಗತ್ತಿನಲ್ಲಿ ಬೆಳೆಯಿತು.

ಅವರನ್ನು ‘ಕಹ್ಹಾಲ್’ ಎಂದು ಕರೆಯುತ್ತಿದ್ದರು. ‘ಕುಹ್ಲ್’ ಎಂದರೆ ಸುರ್ಮಾ. ಸುರ್ಮಾ ಹಚ್ಚುವವನು ಎಂಬ ಸರಳ ಅರ್ಥದಿಂದ ಹೊರಟ ಪದವು ನೇತ್ರತಜ್ಞ ಎಂಬ ಅರ್ಥವನ್ನು ಪಡೆಯಿತು. ಬಗ್ದಾದಿನಲ್ಲಿ ಅನುವಾದದ ಮಹಾಕಾರ್ಯ ನಡೆಸಿದ, ಕ್ರೈಸ್ತ ಧರ್ಮದವರಾಗಿದ್ದ ಹುನೈನ್ ಇಬ್ನ್ ಇಸ್‌ಹಾಕ್ (ಮರಣ 873) ಕಣ್ಣಿನ ಕುರಿತು ಹತ್ತು ಪ್ರಬಂಧಗಳನ್ನು ಬರೆದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅದೇ ನಗರದ ಅಲೀ ಇಬ್ನ್ ಈಸಾ ರಚಿಸಿದ ‘ತದ್ಕಿರತುಲ್ ಕಹ್ಹಾಲೀನ್’ ನೂರಕ್ಕೂ ಹೆಚ್ಚು ನೇತ್ರರೋಗಗಳನ್ನು ವಿವರಿಸಿ, ಶತಮಾನಗಳ ಕಾಲ ವೈದ್ಯರ ಕೈಪಿಡಿಯಾಗಿತ್ತು. ಭಾರತದ ಪಾಲೂ ಇಲ್ಲಿದೆ. ಸೂಜಿಯಿಂದ ಪೊರೆಯನ್ನು ಪಕ್ಕಕ್ಕೆ ಸರಿಸುವ ವಿಧಾನವನ್ನು ವಿವರಿಸಿರುವ ಸುಶ್ರುತ ಸಂಹಿತೆಯು ಅಬ್ಬಾಸೀ ಖಲೀಫರ ಆಡಳಿತದಲ್ಲಿ ಬರ್ಮಕಿ ಮಂತ್ರಿಗಳ ಆಸಕ್ತಿಯಿಂದ ಅರಬೀ ಭಾಷೆಗೆ ಬಂದಿತ್ತು. ಜ್ಞಾನಕ್ಕೆ ಮತದ ಗಡಿಯನ್ನು ಹಾಕುವವರು ಈ ಇತಿಹಾಸವನ್ನು ಓದಿರುವುದಿಲ್ಲ.

ಇವರೆಲ್ಲರಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದವರು ಅಮ್ಮಾರ್ ಇಬ್ನ್ ಅಲೀ. ಮೋಸುಲ್ ನಗರದಲ್ಲಿ ಹುಟ್ಟಿ, ಊರೂರು ಸುತ್ತಿ, ಕೊನೆಗೆ ಫಾತಿಮೀ ಖಲೀಫ ಅಲ್ ಹಾಕಿಮ್‌ನ ಕಾಲದಲ್ಲಿ ಈಜಿಪ್ಟಿನಲ್ಲಿ ನೆಲೆಸಿದ ಈ ಕಹ್ಹಾಲರು ಒಳಗೆ ಟೊಳ್ಳಿರುವ ಲೋಹದ ಸೂಜಿಯೊಂದನ್ನು ಮಾಡಿಸಿಕೊಂಡರು. ಕಣ್ಣಿನ ಬಿಳಿಭಾಗದ ಮೂಲಕ ಅದನ್ನು ಒಳಗೆ ಹೋಗಿಸಿ, ಮೃದುವಾದ ಪೊರೆಯನ್ನು ಹೀರಿ ಹೊರತೆಗೆಯುವ ವಿಧಾನವನ್ನು ತಮ್ಮ ‘ಅಲ್ ಮುಂತಖಬ್’ ಗ್ರಂಥದಲ್ಲಿ ಬರೆದಿಟ್ಟರು. ಇಂದಿನ ಆಸ್ಪತ್ರೆಗಳಲ್ಲಿ ಕಣ್ಣಿಗೆ ಚುಚ್ಚುಮದ್ದು ಕೊಡುವಾಗಲೂ ಸೂಜಿಯು ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ, ಬಿಳಿಭಾಗದಲ್ಲೇ ಪ್ರವೇಶಿಸುತ್ತದೆ. ಅಲ್ಲಿ ಮುಂದೆ ಮಸೂರವೂ ಇಲ್ಲ, ಹಿಂದೆ ರೆಟಿನಾ ಪೊರೆಯೂ ಆರಂಭವಾಗಿರುವುದಿಲ್ಲ. ಹಳೆಯ ಕಹ್ಹಾಲರು ಅನುಭವದಿಂದ ಕಂಡುಕೊಂಡ ಆ ಸುರಕ್ಷಿತ ದಾರಿಗೆ ಆಧುನಿಕ ಶರೀರಶಾಸ್ತ್ರವು ಕಾರಣವನ್ನು ಒದಗಿಸಿತು. ‘ಕಣ್ಣಿಗೆ ಸೂಜಿಯೇ?’ ಎಂದು ನಮ್ಮ ಮನೆಗಳಲ್ಲಿ ಬೆಚ್ಚಿಬೀಳುವ ಹಿರಿಯರಿಗೆ ತಿಳಿಸಬೇಕಾದ ಮೊದಲ ಸಂಗತಿ ಇದು: ಈ ದಾರಿಗೆ ಸಾವಿರ ವರ್ಷಗಳ ವಯಸ್ಸಾಗಿದೆ.

ಆದರೆ ಆ ಕಹ್ಹಾಲರ ಕೈ ಒಂದು ಹಂತದಾಚೆಗೆ ಹೋಗಲಿಲ್ಲ. ಕಣ್ಣಿನ ಹಿಂಗೋಡೆಯಲ್ಲಿರುವ ಪದರವನ್ನು ಅವರು ‘ಶಬಕಿಯ್ಯಾ’ ಅಂದರೆ ಬಲೆಯಂಥದ್ದು ಎಂದು ಕರೆದರು. ಅರಬೀ ಗ್ರಂಥಗಳು ಲ್ಯಾಟಿನ್ ಭಾಷೆಗೆ ಹೋದಾಗ ಆ ಹೆಸರೇ ‘ರೆಟಿನಾ’ ಆಯಿತು. ಲ್ಯಾಟಿನ್‌ನಲ್ಲಿ ‘ರೇತೆ’ ಎಂದರೂ ಬಲೆಯೇ. ಹೆಸರಿಟ್ಟರೂ ಜೀವಂತ ಮನುಷ್ಯನ ರೆಟಿನಾವನ್ನು ಅವರು ನೋಡುವಂತಿರಲಿಲ್ಲ. ಬೆಳಕು ವಸ್ತುಗಳಿಂದ ಹೊರಟು ಕಣ್ಣನ್ನು ಸೇರುತ್ತದೆಂದು ಸಾಧಿಸಿದ ಇಬ್ನುಲ್ ಹೈಸಮ್ ಕೂಡ ಕಾಣುವ ಶಕ್ತಿಯು ಕಣ್ಣಿನ ಮುಂಭಾಗದ ಮಸೂರದಲ್ಲಿದೆ ಎಂದೇ ಭಾವಿಸಿದ್ದರು. ರೆಟಿನಾದ ಮೇಲೆ ಬಿಂಬ ಮೂಡುತ್ತದೆಂದು ಕೆಪ್ಲರ್ 1604ರಲ್ಲಿ ಹೇಳಿದನು. ಅದನ್ನು ಕಣ್ಣಾರೆ ನೋಡಲು 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ತಯಾರಿಸಿದ ಉಪಕರಣದವರೆಗೆ ಕಾಯಬೇಕಾಯಿತು. ಹಾಗಾಗಿ ಕಹ್ಹಾಲರು ಪೊರೆಗೆ ಸೂಜಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡುತ್ತಿದ್ದರು. ಒಂದು ಕಣ್ಣನ್ನು ಮುಚ್ಚಿದಾಗ ಇನ್ನೊಂದು ಕಣ್ಣಿನ ಪಾಪೆ ಹಿಗ್ಗುತ್ತದೆಯೇ ಎಂದು ನೋಡಿ, ಚಲನೆಯಿಲ್ಲದಿದ್ದರೆ ದೋಷವು ಹಿಂದಿದೆಯೆಂದು ತಿಳಿದು ಸೂಜಿಯನ್ನು ಕೆಳಗಿಡುತ್ತಿದ್ದರು. ಹಿಂದಿನ ದೋಷಕ್ಕೆ ಮದ್ದಿರಲಿಲ್ಲ.

ಕರ್ನಾಟಕದ ಜನಮನದಲ್ಲಿ ಕಣ್ಣಿನ ಚಿಕಿತ್ಸೆಯೆಂದರೆ ಇಂದಿಗೂ ಪೊರೆಯ ಚಿಕಿತ್ಸೆಯೇ. ಅದಕ್ಕೆ ಕಾರಣವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಬೆಂಗಳೂರಿನ ಮಿಂಟೋ ಆಸ್ಪತ್ರೆಯನ್ನು ನಮ್ಮ ಅಜ್ಜಂದಿರು ಬಲ್ಲರು. ಆದರೆ ಹಳ್ಳಿಗಳಿಗೆ ದೃಷ್ಟಿಯನ್ನು ಹೊತ್ತು ತಂದವರು ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು. ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ಏರ್ಪಡಿಸಿ, ಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆಯನ್ನು ತೆಗೆದ ಅವರನ್ನು ಜನರು ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆಗಳು, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಶಸ್ತ್ರಕ್ರಿಯೆಗಳು ಎಂದು ಗಿನ್ನೆಸ್ ಪುಸ್ತಕವು ಅವರ ಕೆಲಸವನ್ನು ದಾಖಲಿಸಿತು. 1968ರಲ್ಲಿ ಪದ್ಮಭೂಷಣ ಪಡೆದ ಅವರು 2005ರಲ್ಲಿ ನಿಧನರಾದರು. ಮತ, ಜಾತಿ ಕೇಳದೆ ನಡೆದ ಆ ಸೇವೆಯನ್ನು ನೆನೆಯದೆ ಈ ನಾಡಿನ ನೇತ್ರವೈದ್ಯಕೀಯದ ಚರಿತ್ರೆಯನ್ನು ಬರೆಯಲಾಗದು.

ಆ ಶಿಬಿರಗಳು ನಮಗೆ ದೃಷ್ಟಿಯೊಂದಿಗೆ ಒಂದು ನಂಬಿಕೆಯನ್ನೂ ಕೊಟ್ಟವು. ಒಂದು ದಿನ ಹೋಗುವುದು, ಪಟ್ಟಿ ಕಟ್ಟಿಸಿಕೊಳ್ಳುವುದು, ಪಟ್ಟಿ ಬಿಚ್ಚಿದಾಗ ಮೊಮ್ಮಗುವಿನ ಮುಖ ಕಾಣುವುದು: ಕಣ್ಣಿನ ಚಿಕಿತ್ಸೆಯೆಂದರೆ ಹೀಗಿರಬೇಕು ಎಂಬ ನಂಬಿಕೆ. ಪೊರೆಯ ವಿಷಯದಲ್ಲಿ ಅದು ಸರಿ. ರೆಟಿನಾದ ವಿಷಯದಲ್ಲಿ ಅದೇ ನಂಬಿಕೆಯು ಇಂದು ಅನೇಕರ ದೃಷ್ಟಿಗೆ ಮುಳುವಾಗುತ್ತಿದೆ.

ಏಕೆಂದರೆ ಕಾಯಿಲೆಯೇ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆಯು ರೆಟಿನಾದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ. ಕೆಲವು ನಾಳಗಳು ಸೋರುತ್ತವೆ; ಓದಲು, ಮುಖ ಗುರುತಿಸಲು ಬೇಕಾದ ನಡುಭಾಗವು ನೀರು ತುಂಬಿ ಉಬ್ಬುತ್ತದೆ. ಕೆಲವು ಮುಚ್ಚಿಹೋಗುತ್ತವೆ, ಆಮ್ಲಜನಕ ಸಿಗದ ರೆಟಿನಾ ಹೊಸ ನಾಳಗಳನ್ನು ಬೆಳೆಸೆಂದು ರಾಸಾಯನಿಕ ಸಂದೇಶವನ್ನು ಹೊರಡಿಸುತ್ತದೆ. ಹಾಗೆ ಬೆಳೆದ ನಾಳಗಳು ದುರ್ಬಲವಾಗಿದ್ದು, ಒಡೆದು ಕಣ್ಣಿನೊಳಗೆ ರಕ್ತ ಚೆಲ್ಲುತ್ತವೆ, ಕೊನೆಗೆ ರೆಟಿನಾವನ್ನೇ ಎಳೆದು ಕೀಳುತ್ತವೆ. ಇಷ್ಟೆಲ್ಲ ನಡೆಯುವಾಗ ಮೊದಲ ವರ್ಷಗಳಲ್ಲಿ ನೋವಿಲ್ಲ, ಕೆಂಪಿಲ್ಲ, ಬಹಳ ಸಲ ಮಸುಕೂ ಇಲ್ಲ. ಇಳಿವಯಸ್ಸಿನಲ್ಲಿ ಸಕ್ಕರೆಯಿಲ್ಲದವರಿಗೂ ರೆಟಿನಾದ ನಡುಭಾಗದ ಕೆಳಗೆ ಇಂಥ ನಾಳಗಳು ನುಗ್ಗುವ ಇನ್ನೊಂದು ಕಾಯಿಲೆಯಿದೆ. ಅದರಲ್ಲಿ ನೇರ ಗೆರೆಗಳು ಡೊಂಕಾಗಿ ಕಾಣತೊಡಗುತ್ತವೆ.

ಆ ರಾಸಾಯನಿಕ ಸಂದೇಶವನ್ನು ಹುಡುಕಿದ ಕಥೆಯು ಅರ್ಧ ಶತಮಾನದ್ದು. ಅಂಥದ್ದೊಂದು ಅಂಶ ಇರಲೇಬೇಕೆಂದು 1948ರಲ್ಲಿ ಐಸಾಕ್ ಮೈಕೆಲ್ಸನ್ ಊಹಿಸಿದರು. 1971ರಲ್ಲಿ ಅಮೆರಿಕದ ಜೂಡಾ ಫೋಕ್‌ಮನ್, ಕ್ಯಾನ್ಸರ್ ಗಡ್ಡೆಗಳು ಹೊಸ ರಕ್ತನಾಳಗಳನ್ನು ಕರೆಸಿಕೊಂಡೇ ಬೆಳೆಯುತ್ತವೆ, ಆ ಕರೆಯನ್ನು ತಡೆದರೆ ಗಡ್ಡೆಯನ್ನು ತಡೆಯಬಹುದು ಎಂದರು. ಅನೇಕರು ಅದನ್ನು ನಂಬಲಿಲ್ಲ. 1989ರಲ್ಲಿ ನೆಪೋಲಿಯೋನ್ ಫೆರಾರಾ ಅವರ ತಂಡವು ಆ ಅಂಶವನ್ನು ಬೇರ್ಪಡಿಸಿ ಗುರುತಿಸಿತು. ಅದಕ್ಕೆ ‘ವಿ.ಇ.ಜಿ.ಎಫ್.’ ಎಂಬ ಹೆಸರು ಬಂದಿತು. ಮಧುಮೇಹದಿಂದ ಕೆಟ್ಟ ಕಣ್ಣಿನ ದ್ರವದಲ್ಲಿ ಅದೇ ಅಂಶವು ತುಂಬಿಕೊಂಡಿರುವುದು 1994ರಲ್ಲಿ ಸ್ಪಷ್ಟವಾಯಿತು. ಮೈಕೆಲ್ಸನ್ ಅವರ ಊಹೆಗೆ ನಲವತ್ತಾರು ವರ್ಷಗಳ ನಂತರ ಸಾಕ್ಷಿ ಸಿಕ್ಕಿತು.

2004ರ ಫೆಬ್ರುವರಿಯಲ್ಲಿ ಆ ಅಂಶವನ್ನು ಕಟ್ಟಿಹಾಕುವ ‘ಬೆವಾಸಿಝುಮ್ಯಾಬ್’ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಕರುಳಿನ ಕ್ಯಾನ್ಸರಿಗೆ. ಅವಾಸ್ಟಿನ್ ಎಂಬುದು ಅದರ ಮಾರಾಟದ ಹೆಸರು. ಅದೇ ಕಂಪನಿಯು ಕಣ್ಣಿಗೆಂದೇ ‘ರಾನಿಬಿಝುಮ್ಯಾಬ್’ ಎಂಬ ಸೋದರ ಔಷಧವನ್ನು ತಯಾರಿಸುತ್ತಿತ್ತು. ಅದು ಹೊರಬರುವ ಮೊದಲೇ, 2005ರಲ್ಲಿ, ಮಯಾಮಿಯ ನೇತ್ರವೈದ್ಯ ಫಿಲಿಪ್ ರೋಸನ್‌ಫೆಲ್ಡ್ ಕ್ಯಾನ್ಸರಿನ ಔಷಧದ ಒಂದು ಬಿಂದುವನ್ನು ಕಣ್ಣಿನೊಳಗೆ ಕೊಟ್ಟು ನೋಡಿದರು. ಉಬ್ಬು ಇಳಿಯಿತು. 2006ರ ಜೂನ್‌ನಲ್ಲಿ ರಾನಿಬಿಝುಮ್ಯಾಬ್‌ಗೆ ಅನುಮತಿ ಸಿಕ್ಕಿತು. ಇಳಿವಯಸ್ಸಿನ ರೆಟಿನಾ ಕಾಯಿಲೆಯ ಪರೀಕ್ಷೆಯಲ್ಲಿ ಅದನ್ನು ಪಡೆದವರ ಪೈಕಿ ಸುಮಾರು ಶೇ. 95 ಮಂದಿ ಒಂದು ವರ್ಷದ ಕೊನೆಗೆ ದೃಷ್ಟಿಯಲ್ಲಿ ದೊಡ್ಡ ಕುಸಿತವಿಲ್ಲದೆ ಉಳಿದರು. ಪಡೆಯದವರಲ್ಲಿ ಆ ಪ್ರಮಾಣ ಶೇ. 62. ಈ ಅಂಕಿಯನ್ನು ಗಮನವಿಟ್ಟು ಓದಬೇಕು. ಇದು ಮುಖ್ಯವಾಗಿ ‘ಉಳಿದವರ’ ಅಂಕಿ. ದೃಷ್ಟಿ ಎದ್ದುಕಾಣುವಂತೆ ಸುಧಾರಿಸಿದವರು ಮೂವರಲ್ಲಿ ಒಬ್ಬರು ಮಾತ್ರ.

ಇಲ್ಲಿ ಹಣದ ಮಾತನ್ನೂ ಆಡಬೇಕು. ಅಮೆರಿಕದಲ್ಲಿ 2011ರ ಸುಮಾರಿಗೆ ರಾನಿಬಿಝುಮ್ಯಾಬ್‌ನ ಒಂದು ಡೋಸಿಗೆ ಸುಮಾರು 2,000 ಡಾಲರ್, ಬೆವಾಸಿಝುಮ್ಯಾಬ್‌ನ ಸೀಸೆಯಿಂದ ವಿಂಗಡಿಸಿದ ಒಂದು ಡೋಸಿಗೆ ಸುಮಾರು 50 ಡಾಲರ್ ಇತ್ತು. ಕಣ್ಣಿಗೆ ಹೋಗುವುದು 0.05 ಮಿಲಿಲೀಟರ್, ಅಂದರೆ ಒಂದು ಹನಿ. ಕ್ಯಾನ್ಸರಿನ ಒಂದು ಸೀಸೆಯಿಂದ ಹತ್ತಾರು ಕಣ್ಣುಗಳಿಗೆ ಔಷಧ ಸಿಗುತ್ತದೆ. ಎರಡನ್ನೂ ಎದುರುಬದುರಿಟ್ಟು ನೋಡಿದ ಅಮೆರಿಕದ ಸರಕಾರಿ ಪ್ರಾಯೋಜಿತ ಪರೀಕ್ಷೆಯು 2011ರಲ್ಲಿ, ಇಳಿವಯಸ್ಸಿನ ಆ ಕಾಯಿಲೆಯಲ್ಲಿ ದೃಷ್ಟಿಯ ಮಟ್ಟಿಗೆ ಎರಡೂ ಸಮಾನವೆಂದು ತೋರಿಸಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಗ್ಗದ ಔಷಧವನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ 2015ರಲ್ಲಿ ಅಹಮದಾಬಾದಿನ ಇಂಟಾಸ್ ಕಂಪನಿಯು ರಾನಿಬಿಝುಮ್ಯಾಬ್‌ನ ಸ್ವದೇಶಿ ಪ್ರತಿರೂಪವನ್ನು ‘ರಾಝುಮ್ಯಾಬ್’ ಎಂಬ ಹೆಸರಿನಲ್ಲಿ ತಂದಿತು. ಜಗತ್ತಿನಲ್ಲೇ ಅಂಥ ಮೊದಲ ಪ್ರತಿರೂಪ ಅದು. ಮರುವರ್ಷ ಗುಜರಾತಿನಲ್ಲಿ ಅವಾಸ್ಟಿನ್ ಪಡೆದ ಕೆಲವರ ಕಣ್ಣಿಗೆ ತೊಂದರೆಯಾದಾಗ ಕೇಂದ್ರದ ಔಷಧ ನಿಯಂತ್ರಕರು ಕಣ್ಣಿನ ಬಳಕೆಯನ್ನು ಜನವರಿಯಲ್ಲಿ ತಡೆಹಿಡಿದು, ನೇತ್ರತಜ್ಞರ ಮನವಿಯ ನಂತರ ಮಾರ್ಚ್‌ನಲ್ಲಿ ತಡೆಯನ್ನು ತೆರವುಗೊಳಿಸಿದರು. ಬಡವರಿಗೆ ನಿಲುಕುವ ಔಷಧವೊಂದು ನಮ್ಮ ಕೈತಪ್ಪಿ ಹೋಗಿ ಮರಳಿ ಬಂದ ಆ ಎರಡು ತಿಂಗಳುಗಳನ್ನು ಪತ್ರಿಕೆಗಳು ಹೆಚ್ಚು ಗಮನಿಸಲಿಲ್ಲ.

ಕ್ರಿಯೆಯು ಸರಳ. ಮರಗಟ್ಟಿಸುವ ಹನಿಗಳು, ಅಯೋಡಿನ್ ದ್ರಾವಣದಿಂದ ಶುದ್ಧೀಕರಣ, ರೆಪ್ಪೆಗಳನ್ನು ಹಿಡಿದಿಡುವ ಸಣ್ಣ ತಂತಿ, ಕೆಲವೇ ಕ್ಷಣಗಳ ಸೂಜಿ. ಸೋಂಕಿನ ಅಪಾಯ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ತಗುಲಿದರೆ ಗಂಭೀರ. ಆದ್ದರಿಂದ ನಂತರದ ದಿನಗಳಲ್ಲಿ ನೋವು ಹೆಚ್ಚಿದರೆ, ಕಣ್ಣು ಕೆಂಪಾಗಿ ಮಸುಕಾದರೆ ಅಂದೇ ಆಸ್ಪತ್ರೆಗೆ ಮರಳಬೇಕು.

ಇನ್ನು ಉಕ್ಕಡಗಾತ್ರಿಯತ್ತ ಬರೋಣ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಈ ಊರನ್ನು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಕಾರಣಕ್ಕೆ ನಾಡೆಲ್ಲ ಬಲ್ಲದು. ಅಮಾವಾಸ್ಯೆಗೆ ದೂರದೂರದ ಜಿಲ್ಲೆಗಳಿಂದ ನೊಂದವರು ಬಂದು ಸೇರುತ್ತಾರೆ. ಭತ್ತದ ಗದ್ದೆಗಳ ಈ ಸೀಮೆಯಲ್ಲಿ, ಮಲೇಬೆನ್ನೂರಿನಿಂದ ಹರಿಹರದವರೆಗೆ, ನಮ್ಮ ಸಮುದಾಯದ ಮನೆಗಳೂ ಹೆಚ್ಚು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗಿ ಸಂಪರ್ಕ ಕಡಿದುಹೋಗುವುದು ಇಲ್ಲಿನವರಿಗೆ ವರ್ಷವರ್ಷದ ಸಂಗತಿ. ಪೊರೆಯ ಶಸ್ತ್ರಕ್ರಿಯೆಯನ್ನು ಬೇಸಗೆಗೋ ಸುಗ್ಗಿಯ ನಂತರಕ್ಕೋ ಮುಂದೂಡಬಹುದು. ಸೋರುವ ರೆಟಿನಾ ಹೊಳೆ ಇಳಿಯುವವರೆಗೆ ಕಾಯುವುದಿಲ್ಲ.

ವೈದ್ಯರೇ ಹಳ್ಳಿಗೆ ಬರುವ ದಾರಿಯೂ ಇಲ್ಲಿ ಅರ್ಧ ಮಾತ್ರ ತೆರೆದಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾವನ್ನು ಜಿಲ್ಲಾ ಕೇಂದ್ರಗಳಲ್ಲೇ ಕ್ಯಾಮೆರಾದಿಂದ ಚಿತ್ರಿಸಿ ಬೆಂಗಳೂರಿನ ತಜ್ಞರಿಗೆ ಕಳುಹಿಸುವ ‘ಕಿಡ್‌ರಾಪ್’ ಯೋಜನೆಯನ್ನು ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿ, ದೂರದಿಂದಲೇ ರೋಗವನ್ನು ಗುರುತಿಸಬಹುದೆಂದು ತೋರಿಸಿಕೊಟ್ಟಿತು. ಗುರುತಿಸುವುದು ದೂರದಿಂದ ಆಗಬಹುದು. ಚುಚ್ಚುಮದ್ದಿಗೆ ಶುದ್ಧವಾದ ಕೋಣೆಯೂ ತರಬೇತಾದ ಕೈಯೂ ಬೇಕು. ಅದಕ್ಕೆ ದಾವಣಗೆರೆಗೆ ಹೋಗಲೇಬೇಕು, ಒಮ್ಮೆಯಲ್ಲ, ತಿಂಗಳಿಗೊಮ್ಮೆ. ಒಬ್ಬರ ಕೂಲಿ, ಜೊತೆಗೆ ಹೋಗುವವರ ಕೂಲಿ, ಬಸ್ಸಿನ ಖರ್ಚು, ಔಷಧದ ಬೆಲೆ. ಎರಡು ಸಲ ಹೋಗಿಬಂದ ನಂತರ ‘ಏನೂ ಫರಕ್ ಕಾಣಲಿಲ್ಲ, ಬಿಟ್ಟುಬಿಟ್ಟೆ’ ಎನ್ನುವ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಅವರು ಕಾಯುತ್ತಿರುವುದು ಪಟ್ಟಿ ಬಿಚ್ಚುವ ಆ ಹಳೆಯ ಕ್ಷಣಕ್ಕೆ. ಚುಚ್ಚುಮದ್ದು ಕೊಡುತ್ತಿರುವುದು ಬೇರೆಯದನ್ನು: ಕಳೆದ ತಿಂಗಳು ಎಷ್ಟು ಕಾಣುತ್ತಿತ್ತೋ ಅಷ್ಟೇ ಈ ತಿಂಗಳೂ ಕಾಣುವುದನ್ನು. ಫರಕ್ ಇಲ್ಲದಿರುವುದೇ ಅನೇಕ ಸಲ ಔಷಧ ಕೆಲಸ ಮಾಡಿದ್ದರ ಗುರುತು. ಮನೆಯ ಮಕ್ಕಳು ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಅಮ್ಮಿ, ಅಬ್ಬಾ ಮೂರನೆಯ ಸಲವೂ ಬಸ್ಸು ಹತ್ತುತ್ತಾರೆ.

ಸಾಯುವವರೆಗೂ ತಿಂಗಳಿಗೊಂದು ಸೂಜಿಯೇ ಎಂದು ನಿರಾಶರಾಗುವವರಿಗೆ ಒಂದು ಲೆಕ್ಕವಿದೆ. ಮಧುಮೇಹದಿಂದ ಉಬ್ಬಿದ ರೆಟಿನಾಕ್ಕೆ ಸಂಬಂಧಿಸಿದಂತೆ ಅಮೆರಿಕದ ಸಂಶೋಧನಾ ಜಾಲವೊಂದು 2010ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿ ಐದು ವರ್ಷ ಹಿಂಬಾಲಿಸಿದ ಪರೀಕ್ಷೆಯಲ್ಲಿ, ರೋಗಿಗಳಿಗೆ ಮೊದಲ ವರ್ಷ ಸಾಮಾನ್ಯವಾಗಿ ಎಂಟು ಒಂಬತ್ತು, ಎರಡನೆಯ ವರ್ಷ ಎರಡು ಮೂರು, ಮೂರನೆಯ ವರ್ಷ ಒಂದೆರಡು ಚುಚ್ಚುಮದ್ದುಗಳು ಬೇಕಾದವು. ಐದನೆಯ ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೂ ಬೇಕಾಗಲಿಲ್ಲ. ಭಾರವೆಲ್ಲ ಮೊದಲ ವರ್ಷದ್ದು. ಇಳಿವಯಸ್ಸಿನ ಇನ್ನೊಂದು ಕಾಯಿಲೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಚಿಕಿತ್ಸೆ ದೀರ್ಘವಾಗಿರುತ್ತದೆ. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿರದಿದ್ದರೆ ಯಾವ ಲೆಕ್ಕವೂ ನಿಲ್ಲದು.

ರಮಝಾನ್ ತಿಂಗಳಲ್ಲಿ ಸರದಿಯನ್ನು ತಪ್ಪಿಸುವವರೂ ಇದ್ದಾರೆ. ಕಣ್ಣಿಗೆ ಹಾಕಿದ ಔಷಧದಿಂದ ಉಪವಾಸ ಮುರಿಯುವುದಿಲ್ಲ, ಗಂಟಲಲ್ಲಿ ಅದರ ರುಚಿ ತಿಳಿದರೂ ಸರಿಯೇ ಎಂಬುದು ನಮ್ಮ ಸೀಮೆಯಲ್ಲಿ ಬಹುಮಂದಿ ಅನುಸರಿಸುವ ಹನಫೀ ಕರ್ಮಶಾಸ್ತ್ರದ ಹಳೆಯ ನಿಲುವು. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1997ರಲ್ಲಿ ಜಿದ್ದಾದಲ್ಲಿ ಕೈಗೊಂಡ ನಿರ್ಣಯವು ಕಣ್ಣಿನ ಹನಿಗಳನ್ನೂ, ಪೋಷಣೆಗಾಗಿ ಅಲ್ಲದ ಚರ್ಮ, ಸ್ನಾಯು ಹಾಗೂ ರಕ್ತನಾಳದ ಚುಚ್ಚುಮದ್ದುಗಳನ್ನೂ ಉಪವಾಸ ಮುರಿಯದವುಗಳ ಪಟ್ಟಿಯಲ್ಲಿ ಹೇಳಿದೆ. ಸಂಶಯವುಳ್ಳವರು ಮಸೀದಿಯ ಇಮಾಮರಲ್ಲಿ ಮುಂಚಿತವಾಗಿಯೇ ಕೇಳಿಕೊಳ್ಳಲಿ. ಸರದಿಯ ದಿನ ಬೆಳಿಗ್ಗೆ ಹುಟ್ಟುವ ಸಂಶಯಕ್ಕೆ ಬಸ್ಸು ಕಾಯುವುದಿಲ್ಲ. ವುಝೂ ಮಾಡುವಾಗ ಕಣ್ಣಿಗೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ ದಿನಗಳಲ್ಲಿ ಆ ಭಾಗವನ್ನು ಒದ್ದೆ ಕೈಯಿಂದ ಸವರುವ, ಅದೂ ಹಾನಿಕರವಾದರೆ ಬಿಟ್ಟುಬಿಡುವ ರಿಯಾಯಿತಿ ಕರ್ಮಶಾಸ್ತ್ರದಲ್ಲಿದೆ. ಸುಜೂದ್‌ನ ವಿಷಯದಲ್ಲಂತೂ ಇಬ್ನ್ ಅಬ್ಬಾಸ್(ರ)ರನ್ನು ಕಾಡಿದ ಪ್ರಶ್ನೆ ಇಲ್ಲಿ ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಕಣ್ಣಿನೊಳಗೆ ರಕ್ತ ಚೆಲ್ಲಿದೆಯೆಂದೋ ಬೇರೆ ಕಾರಣಕ್ಕೋ ವೈದ್ಯರು ತಡೆಯದ ಹೊರತು, ಚುಚ್ಚುಮದ್ದು ಪಡೆದವರು ಮಲಗಿರಬೇಕಾಗಿಲ್ಲ.

ಈಗ ಔಷಧಗಳ ನಡುವಿನ ಅಂತರವೂ ಹಿಗ್ಗುತ್ತಿದೆ. 2011ರಲ್ಲಿ ಬಂದ ‘ಅಫ್ಲಿಬರ್ಸೆಪ್ಟ್’ ಆರಂಭದ ಡೋಸುಗಳ ನಂತರ ಎರಡು ತಿಂಗಳಿಗೊಮ್ಮೆ ಸಾಕಾಗುತ್ತದೆ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಫಾರಿಸಿಮ್ಯಾಬ್’ ಹಲವರಲ್ಲಿ ನಾಲ್ಕು ತಿಂಗಳವರೆಗೆ ತಡೆದು ನಿಲ್ಲುತ್ತದೆ. ಬೆಲೆ ಇಳಿಯಲು ಸಮಯ ಬೇಕು. ಅಷ್ಟರವರೆಗೆ, ಕಣ್ಣಿನ ಸ್ಥಿತಿ ನಿಂತಂತೆ ಕಂಡಾಗ ವಾರಗಳ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗುವ ಕ್ರಮವನ್ನು ವೈದ್ಯರು ಅನುಸರಿಸುತ್ತಾರೆ. ಹೊಳೆಯಂಚಿನ ಊರಿನವರು ತಮ್ಮ ರಸ್ತೆಯ ಕಷ್ಟವನ್ನು ವೈದ್ಯರಿಗೆ ಮೇ ತಿಂಗಳಲ್ಲೇ ಹೇಳಿದರೆ, ಜುಲೈ ಮತ್ತು ಆಗಸ್ಟ್ ತಿಂಗಳ ಸರದಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಲು, ಇಲ್ಲವೇ ಆ ವಾರ ಹರಿಹರದಲ್ಲೋ ದಾವಣಗೆರೆಯಲ್ಲೋ ಬಂಧುಗಳ ಮನೆಯಲ್ಲಿ ಉಳಿದುಕೊಳ್ಳುವ ಏರ್ಪಾಡು ಮಾಡಿಕೊಳ್ಳಲು ಸಮಯ ಸಿಗುತ್ತದೆ.